ಮಳೆಯಿಲ್ಲದ ದಿನದ ನೀರು

ದೆವ್ವ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಬಲ್ಮಠದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವನು ಇನ್ನೇನು ಮಾಡಿಯಾನು? ಆದರೂ ಎಂಬತ್ತರ ದಶಕದ ಒಂದು ಬೇಸಗೆಯ ಬೆಳಿಗ್ಗೆ ನಡೆದದ್ದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ನೀವು ನಂಬಬೇಕೆಂಬ ಹಟ ನನಗಿಲ್ಲ.

ನಾವು ಮೂವರು ಮಳೆ ಅಳೆಯುವ ಹುಚ್ಚರು. ಬಿಜೈಯಲ್ಲಿ ಹೋಟೆಲು ನಡೆಸುತ್ತಿದ್ದ ಶೆಟ್ಟರು, ಪಡೀಲಿನ ಶಾಲಾ ಮಾಸ್ತರರಾದ ಭಟ್ಟರು, ಮತ್ತು ನಾನು. ಊರಿನ ಮೂರು ಮೂಲೆಯಲ್ಲಿದ್ದ ನಮ್ಮ ಮೂವರ ಅಂಗಳದಲ್ಲೂ ಒಂದೇ ಅಳತೆಯ ತಾಮ್ರದ ಜಾಡಿ. ಒಂದು ಅಂಗಳದ ಮಳೆಯಿಂದ ಊರಿನ ಹವೆ ತಿಳಿಯುವುದಿಲ್ಲ, ಮೂರನ್ನೂ ಕೂಡಿಸಿ ನೋಡಬೇಕು. ಹಾಗಾಗಿ ಮೂವರ ಅಳತೆಯನ್ನೂ ನಾನು ಒಂದೇ ಹಾಳೆಗೆ ಇಳಿಸುತ್ತಿದ್ದೆ. ನಮ್ಮದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಸುಡುಬಿಸಿಲಿನ ದಿನವೂ ಜಾಡಿಯೊಳಗೆ ಇಣುಕಿಯೇ 'ಇಲ್ಲ' ಎಂದು ಬರೆಯಬೇಕು. ನೋಡದೆ 'ಇಲ್ಲ' ಎನ್ನುವಂತಿಲ್ಲ.

ಆ ವರ್ಷ ಯಾವುದೋ ಕಾರ್ಖಾನೆಗೆಂದು ಗುಡ್ಡದ ಮರ ಕಡಿಯತೊಡಗಿದ್ದರು. ಚುನಾವಣೆಯೂ ಹತ್ತಿರವಿತ್ತು. ಮರ ಹೋಗಿ ಆಗಲೇ ಮಳೆ ತಗ್ಗಿದೆ ಎಂದು ಒಂದು ಪಕ್ಷ, ಏನೂ ಆಗಿಲ್ಲ ಎಂದು ಇನ್ನೊಂದು. ಇಬ್ಬರಿಗೂ ನಮ್ಮ ಅಳತೆ ಬೇಕಿತ್ತು, ಸ್ವಲ್ಪ ತಿದ್ದಿದ್ದು! ಶೆಟ್ಟರು ಒಂದು ಕಡೆ ನಿಂತರು, ಭಟ್ಟರು ಇನ್ನೊಂದು ಕಡೆ. ಮಾತು ನಿಂತಿತು. 'ಅವರ ಅಳತೆ ಇರುವ ಹಾಳೆಯಲ್ಲಿ ನನ್ನದು ಬೇಡ' ಎಂದು ಇಬ್ಬರೂ ನನಗೆ ಹೇಳಿ ಕಳುಹಿಸಿದರು. ಇಷ್ಟು ವರ್ಷದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ನನಗೆ ಅಳುವೇ ಬಂದಿತ್ತು.

ಆ ಬೆಳಿಗ್ಗೆ ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಅಭ್ಯಾಸಬಲದಿಂದ ಜಾಡಿಗೆ ಇಣುಕಿದೆ. ನೀರು! ಇಬ್ಬನಿಯಲ್ಲ, ನಾಲ್ಕು ಬೆರಳು ನೀರು. ಸುತ್ತಲಿನ ಮಣ್ಣು ಮಾತ್ರ ಹುಡಿ ಹಾರುವಷ್ಟು ಒಣಗಿತ್ತು.

ನಾನು ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಶೆಟ್ಟರು ಜಾಡಿ ಹಿಡಿದು ಕಾರಿನಿಂದಿಳಿದರು. "ನೋಡಿ ಮಾಷ್ಟ್ರೆ, ಆ ಭಟ್ರ ಕೆಲಸ! ನನ್ನ ಜಾಡಿಗೆ ನೀರು ಹೊಯ್ಸಿದ್ದಾರೆ!" ಎಂದು ಕೂಗಾಡಿದರು. ಅಷ್ಟರಲ್ಲಿ ಭಟ್ಟರೂ ಬಸ್ಸಿಳಿದು ಬಂದರು. ಜಾಡಿಯ ಬಾಯಿಗೆ ಬಾಳೆಲೆ ಕಟ್ಟಿ, ಮಗುವಿನಂತೆ ಅವುಚಿಕೊಂಡಿದ್ದರು. ಅವರ ದೂರು ಶೆಟ್ಟರ ಮೇಲೆ.

ನಾನು ಅಳತೆಯ ಗಾಜಿನ ಲೋಟ ತಂದೆ. ಮೂರೂ ಜಾಡಿಯ ನೀರು ಒಂದೇ ಗೆರೆಗೆ ನಿಂತಿತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ.

"ಅಯ್ಯೋ ದೇವೆರೇ, ಎಂತ ಮಾರಾಯ್ರೆ ಇದು!" ಶೆಟ್ಟರು ಜಗಳ ಮರೆತು ಭಟ್ಟರ ಕೈ ಹಿಡಿದುಕೊಂಡಿದ್ದರು. ಮತ್ತೆ ಮತ್ತೆ ಅಳೆದೆವು. ಮೂವರೂ ಒಟ್ಟಿಗೇ ಮಾತಾಡಿದೆವು, ನಕ್ಕೆವು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಒಳಗಿನಿಂದ ಬಂದ ಕಾಫಿ ಆರಿ ತಣ್ಣಗಾಯಿತು.

ಆಮೇಲೆ ಎದ್ದ ಪ್ರಶ್ನೆ, ಇದನ್ನು ಬರೆಯುವುದೋ ಬೇಡವೋ? ಬರೆದರೆ ಇಷ್ಟು ವರ್ಷದ ಅಳತೆಯೇ ಸುಳ್ಳೆಂದು ಎರಡೂ ಪಕ್ಷದವರು ನಗುತ್ತಾರೆ.

"ನಗ್ಲಿ. ಅವರಿಗೆ ಬೇಕಾದ್ದು ಬರೆಯುವುದಿಲ್ಲ, ನಮಗೆ ಬೇಡದ್ದು ಬಿಡುವುದೂ ಇಲ್ಲ. ನೀರು ಉಂಟಲ್ಲ?" ಎಂದರು ಭಟ್ಟರು. ಶೆಟ್ಟರು ತಾವೇ ಪೆನ್ನು ತೆಗೆದರು. ಒಂದೇ ಹಾಳೆಗೆ ಮೂವರೂ ಸಹಿ ಹಾಕಿದೆವು.

ಪಕ್ಷದವರು ನಕ್ಕರು, ಭಾಷಣಗಳಲ್ಲಿ ಲೇವಡಿಯೂ ಮಾಡಿದರು. ನನ್ನ ಗೆಳೆಯರು ಜಗ್ಗಲಿಲ್ಲ. ಓಟು ಬೇರೆ ಬೇರೆ ಪಕ್ಷಕ್ಕೇ ಹಾಕಿದರು, ಅಳತೆ ಮಾತ್ರ ಕೊನೆಯವರೆಗೂ ಒಂದೇ ಹಾಳೆಗೆ ಬಂತು.

ಆ ನೀರು ಎಲ್ಲಿಂದ ಬಂತು? ಅವರಿಬ್ಬರೂ ಸೇರಿ ಹೂಡಿದ ಆಟ ಎನ್ನೋಣವೆಂದರೆ ಮಾತೇ ಬಿಟ್ಟವರು ಸೇರುವುದೆಲ್ಲಿ? ಮೂರು ಮೂಲೆಗೆ ಹೋಗಿ ಒಂದೇ ಗೆರೆಗೆ ಸುರಿಯುವ ಕಿಡಿಗೇಡಿ ಯಾರು? ಯೋಚಿಸಿ ಸಾಕಾಗಿದೆ. ಅಂಥದ್ದೆಲ್ಲ ಇಲ್ಲ ಎಂದು ಈಗಲೂ ಬಾಯಿಗೆ ಬರುತ್ತದೆ. ಆದರೆ ನೋಡದೆ 'ಇಲ್ಲ' ಎನ್ನುವಂತಿಲ್ಲವಲ್ಲ. ನಾನೋ, ನೋಡಿಬಿಟ್ಟಿದ್ದೇನೆ.