ಬಿಸಿ ಹಿಟ್ಟಿನ ಡಬ್ಬದ ಮೇಲೆ ಮಲಗಿದ ಬೆಕ್ಕು

ಮಿಲ್ಲಿನಕ್ಕನ ಕಣ್ಣಿನ ರೆಪ್ಪೆಗಳು ಸದಾ ಬೆಳ್ಳಗಿರುತ್ತಿದ್ದವು. ವಯಸ್ಸಿನಿಂದಲ್ಲ, ಹಿಟ್ಟಿನಿಂದ. ಹೊಸನಗರದ ಪೇಟೆಯಲ್ಲಿ ನಮ್ಮ ಮನೆಯ ಎದುರು ಸಾಲಿಗೇ ಅವರ ಹಿಟ್ಟಿನ ಗಿರಣಿ. ಬೆಲ್ಟು ತಿರುಗಲು ಶುರುವಾದರೆ ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲ ಅಕ್ಕಿಹಿಟ್ಟು. ನಡುವೆ ಕಣ್ಣೆರಡು ಮಾತ್ರ ಕಪ್ಪಗೆ, ಚುರುಕಾಗಿ, ಸಾಲಿನಲ್ಲಿ ನಿಂತವರ ಡಬ್ಬದಿಂದ ಮುಖಕ್ಕೆ, ಮುಖದಿಂದ ಡಬ್ಬಕ್ಕೆ ಓಡಾಡುತ್ತಿದ್ದವು.

"ಚಕ್ಕುಲಿಗೆ ಉದ್ದು ಹುರಿದು ತಂದಿದೀಯ, ಮಗಳು ಬರ್ತಾಳಾ?" ಎಂದು ಒಬ್ಬರಿಗೆ. "ಈ ಸಲ ಗೋಧಿ ಜಾಸ್ತಿ, ಅಕ್ಕಿ ಕಮ್ಮಿ. ಯಜಮಾನ್ರಿಗೆ ಸಕ್ಕರೆ ಕಾಯಿಲೆ ಅಂದ್ರಾ ಡಾಕ್ಟ್ರು?" ಎಂದು ಇನ್ನೊಬ್ಬರಿಗೆ. ಹೇಳಿದ್ದು ಸುಳ್ಳಾದದ್ದನ್ನು ನಾನು ಕಾಣೆ. ಬೀದಿಯಲ್ಲಿ ಏನು ಕಳೆದುಹೋದರೂ ಜನ ಮೊದಲು ಬರುತ್ತಿದ್ದುದು ಪೊಲೀಸ್ ಸ್ಟೇಷನ್ನಿಗಲ್ಲ, ಮಿಲ್ಲಿಗೆ. ಅಕ್ಕ ನಾಲ್ಕು ಪ್ರಶ್ನೆ ಕೇಳುವರು, ಮನೆಗೆ ಬಂದು ಒಂದು ಸುತ್ತು ಹಾಕುವರು. ಸಂಜೆಯೊಳಗೆ ವಸ್ತು ಸಿಕ್ಕಿರುತ್ತಿತ್ತು.

ಅವರ ಹಿಂದೆ ಯಾವಾಗಲೂ ರಾಗಿ. ರಾಗಿ ಎಂದರೆ ಬೆಕ್ಕು, ಬಣ್ಣವೂ ಅದೇ. ಇಲಿ ಹಿಡಿಯಲೆಂದು ಸಾಕಿದ್ದು, ಆದರೆ ಅದಕ್ಕೆ ಇಲಿಗಿಂತ ನಿದ್ದೆ ಪ್ರೀತಿ. ಆಗಷ್ಟೇ ಬೀಸಿದ ಹಿಟ್ಟು ಬಿಸಿಯಿರುತ್ತದಲ್ಲ, ಡಬ್ಬದ ಮುಚ್ಚಳವೂ ಬೆಚ್ಚಗಿರುತ್ತದೆ. ಆ ಮುಚ್ಚಳದ ಮೇಲೆ ಸುತ್ತಿಕೊಂಡು ಮಲಗಿದರೆ, ಡಬ್ಬದವರು ಬಂದು ಎಬ್ಬಿಸುವವರೆಗೂ ಮಹಾರಾಣಿ ಏಳುತ್ತಿರಲಿಲ್ಲ.

ನಾನು ಸಾಗರದಿಂದ ಮದುವೆಯಾಗಿ ಬಂದ ಹೊಸತು. ಒಂದು ದಿನ ಕೊನೆಮನೆಯ ಮೇಷ್ಟ್ರ ಹೆಂಡತಿ ಪೊರಕೆ ಹಿಡಿದು ಮಿಲ್ಲಿಗೆ ನುಗ್ಗಿದರು. ರಾಗಿ ಅವರ ಮನೆಯ ಹಾಲಿನ ಕೆನೆಯನ್ನೆಲ್ಲ ತಿಂದಿತೆಂದು ರಂಪ. ಹಿಂದೆಯೇ ಮೇಷ್ಟ್ರೂ ಬಂದಿದ್ದರು. ಅಕ್ಕ ಅಕ್ಕಿ ಸುರಿಯುತ್ತಲೇ ಕೇಳಿದರು, "ಪಾತ್ರೆ ಮುಚ್ಚಿತ್ತಾ?"

"ಮುಚ್ಚದೇ ಇಡ್ತೀನಾ?"

"ಈಗ ಹೆಂಗಿದೆ?"

"ಈಗ್ಲೂ ಮುಚ್ಚೇ ಇದೆ."

"ಹಂಗಾರೆ ನಮ್ಮ ರಾಗಿ ಕೆನೆ ತಿಂದು, ಬಾಯಿ ಒರೆಸ್ಕಂಡು, ವಾಪಸ್ ಮುಚ್ಚಳ ಮುಚ್ಚಿ ಬಂತಾ ಮಾರಾಯ್ತಿ?"

ಸಾಲಿಗೆ ಸಾಲೇ ನಕ್ಕಿತು. ಕೆನೆ ಮುಟ್ಟಬೇಡಿ ಎಂದು ವೈದ್ಯರಿಂದ ಹೇಳಿಸಿಕೊಂಡಿದ್ದ ಮೇಷ್ಟ್ರು ಮಾತ್ರ ತಮ್ಮ ಚಪ್ಪಲಿ ನೋಡುತ್ತ ನಿಂತಿದ್ದರು. ಅವರು ಹೋದ ಮೇಲೆ ಅಕ್ಕ ರಾಗಿಯ ತಲೆ ಸವರಿ ನನಗೆಂದರು, "ಬೆಕ್ಕಾದ್ರೂ ಅಷ್ಟೆ ತಂಗಿ, ಮಾಡದ ತಪ್ಪು ಹೊರಬಾರದು. ಪಾಪ, ಮೂಕಪ್ರಾಣಿ. ಅದ್ರ ಪರವಾಗಿ ಯಾರಾದ್ರೂ ಬಾಯಿ ಬಿಡಬೇಕಲ್ಲ." ಆ ಕ್ಷಣದಿಂದ ನಾನು ಅವರ ಭಕ್ತೆ. ಗೊತ್ತಿಲ್ಲದ ಊರಿನಲ್ಲಿ ನನಗೊಬ್ಬರು ಅಕ್ಕ ಸಿಕ್ಕಿದರು ಎಂದುಕೊಂಡೆ.

ಮಾರನೇ ವರ್ಷ ತೀರ್ಥಹಳ್ಳಿಯಲ್ಲಿ ನೆಂಟರ ಮದುವೆ. ನನಗೆ ಮೈ ಸುಡುವ ಜ್ವರ. ನನ್ನೊಬ್ಬಳನ್ನೇ ಬಿಟ್ಟು ಮನೆಯವರೆಲ್ಲ ಹೋದರು. ಅಲ್ಲಿ ಯಾರೋ ಅತ್ತೆಯ ಕಿವಿ ನೋಡಿ, ಕೆಂಪು ಹರಳಿನ ಬೆಂಡೋಲೆ ಎಲ್ಲಿ ಎಂದು ಕೇಳಿದ್ದಾರೆ. ಮಾವನವರೂ ತಿರುಗಿ ನೋಡಿದ್ದಾರೆ. "ಬಸ್ಸಲ್ಲಿ ಕಳ್ಳರ ಕಾಟ ಅಂತ ರೊಟ್ಟಿಹಿಟ್ಟಿನ ಡಬ್ಬದಲ್ಲಿ ಹುಗಿದಿಟ್ಟು ಬಂದೆ. ಬೆಳಿಗ್ಗೆ ಹೊರಡೋ ಮುಂಚೆ" ಎಂದರಂತೆ ಅತ್ತೆ. ನಮ್ಮ ಕಡೆ ಹೆಂಗಸರು ಊರಿಗೆ ಹೊರಟರೆ ಒಡವೆಯನ್ನು ಅಕ್ಕಿಯಲ್ಲೋ ಹಿಟ್ಟಿನಲ್ಲೋ ಹುಗಿಯುವುದು ಹೊಸದೇನಲ್ಲ.

ಬಂದು ನೋಡಿದರೆ ಡಬ್ಬದ ತುಂಬ ಹಿಟ್ಟಿದೆ, ಬೆಂಡೋಲೆ ಇಲ್ಲ. ಮನೆಯಲ್ಲಿದ್ದವಳು ನಾನೊಬ್ಬಳೇ.

ಯಾರೂ ಕಳ್ಳಿ ಎನ್ನಲಿಲ್ಲ. ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು! ಅತ್ತೆ ಬೀರುವಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಾವನವರು ನಾನು ಬಡಿಸಿದರೆ ತಲೆಯೆತ್ತಲಿಲ್ಲ. ನನ್ನ ಗಂಡ, "ಕಂಡಿದ್ರೆ ಹೇಳ್ಬಿಡು, ಯಾರಿಗೂ ಗೊತ್ತಾಗಲ್ಲ" ಎಂದರು. ಅಳುತ್ತ ಮಿಲ್ಲಿಗೆ ಓಡಿದೆ.

ಅಕ್ಕ ಕೂಡಲೇ ಬಂದರು. ರಾಗಿಯೂ ಬಂತು. ಅತ್ತೆ ತೀರ್ಥಹಳ್ಳಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರು. ಅಕ್ಕ "ಯಾವ ಡಬ್ಬ?" ಎಂದು ಕೇಳುವಷ್ಟರಲ್ಲಿ ರಾಗಿ ಅಡುಗೆಮನೆಯ ಮೂಲೆಗೆ ನೆಟ್ಟಗೆ ನಡೆದು, ಸಾಲಾಗಿದ್ದ ಡಬ್ಬಗಳಲ್ಲಿ ಆ ರೊಟ್ಟಿಹಿಟ್ಟಿನ ಡಬ್ಬವೊಂದನ್ನೇ ಮೂಸಿ, ಹತ್ತಿ, ಸುತ್ತಿಕೊಂಡು ಮಲಗಿತು. ಅಷ್ಟು ದುಃಖದಲ್ಲೂ ನನಗೆ ನಗು ಬಂತು. ಅಕ್ಕ ನಗಲಿಲ್ಲ. ಬೆಕ್ಕನ್ನು ನೋಡಿದರು, ಅತ್ತೆಯನ್ನು ನೋಡಿದರು. "ತಂಗಿ, ಒಂಚೂರು ಕಾಫಿ ಮಾಡು. ನಮ್ಮಿಬ್ರಿಗೂ" ಎಂದು ಅತ್ತೆಯನ್ನು ಹಿತ್ತಲಿಗೆ ಕರೆದುಕೊಂಡು ಹೋದರು.

ಹೊರಡುವಾಗ ನನ್ನ ಕೈ ಹಿಡಿದು, "ಇದೊಂದು ನಂಗೆ ಹೊಳೀತಿಲ್ಲ ಕಣೇ" ಎಂದರು. ನಾನು ನಂಬಿದೆ. ಪಾಪ, ಅವರಿಗೂ ಸೋಲಿರುತ್ತದಲ್ಲ ಎಂದು ಅವರನ್ನೇ ಸಮಾಧಾನ ಮಾಡಿ ಕಳಿಸಿದೆ!

ಆಮೇಲಿನ ವರ್ಷಗಳನ್ನು ಹೇಗೆ ಹೇಳಲಿ? ನೆಂಟರ ಮನೆಗೆ ಹೋದರೆ ಮಂಚದ ಮೇಲಿದ್ದ ಪರ್ಸು ಮೆಲ್ಲಗೆ ಒಳಗೆ ಹೋಗುತ್ತಿತ್ತು. ನಾಮಕರಣದ ಮನೆಯಲ್ಲಿ ಮಗುವನ್ನು ಎತ್ತಿಕೊಂಡರೆ ಅದರ ಕೊರಳ ಸರದ ಮೇಲೆ ಅಜ್ಜಿಯ ಕಣ್ಣು. ನನಗೆ ಉಸಿರಾಡಲು ಇದ್ದ ಜಾಗ ಮಿಲ್ಲು ಒಂದೇ. ಅಕ್ಕ ಸಾಲು ತಪ್ಪಿಸಿ ನನ್ನ ಡಬ್ಬ ಮೊದಲು ಹಾಕುತ್ತಿದ್ದರು, ಹಿಟ್ಟನ್ನು ಎರಡೆರಡು ಸಲ ಜರಡಿ ಹಿಡಿದು ಕೊಡುತ್ತಿದ್ದರು. ಪ್ರೀತಿ ಎಂದುಕೊಂಡಿದ್ದೆ.

ಮಾವನವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ನನ್ನ ನಾದಿನಿ ಬಂದಳು. ತಾಳಗುಪ್ಪದ ಹುಡುಗನನ್ನು ತಾನೇ ಮೆಚ್ಚಿ ಮದುವೆಯಾದಳೆಂದು ಮಾವನವರು ಹೊಸ್ತಿಲು ತುಳಿಯಬಾರದೆಂದಿದ್ದ ಮಗಳು ಅವಳು. ಸ್ವಂತ ಮನೆಗೆ ನೆಂಟಳ ಹಾಗೆ ಬಂದವಳ ಕಿವಿಯಲ್ಲಿ ಕೆಂಪು ಹರಳಿನ ಬೆಂಡೋಲೆ.

ನಾನು ನೋಡುತ್ತಿರುವುದನ್ನು ಕಂಡು, "ಚಂದ ಇದ್ಯಾ ಅತ್ತಿಗೆ? ಅಮ್ಮ ನನ್ನ ಬಾಣಂತನಕ್ಕೆ ಕೊಟ್ಟಿದ್ದು" ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಪಂಕ್ತಿಯಲ್ಲಿ ಕೂತಿದ್ದ ನೆಂಟರೆಲ್ಲ ನೋಡಿದರು, ಎಲ್ಲರಿಗೂ ಅರ್ಥವಾಯಿತು. ಹೋಳಿಗೆಗೆ ತುಪ್ಪ ಬರಲಿ ಎಂದರು, ಅಷ್ಟೆ.

ಮರುದಿನ ಡಬ್ಬದ ತುಂಬ ಅಕ್ಕಿ ಹಾಕಿಕೊಂಡು ಮಿಲ್ಲಿಗೆ ಹೋದೆ. "ನಿಮ್ಗೆ ಗೊತ್ತಿತ್ತಾ ಅಕ್ಕಾ?" ಎಂದೆ. ಯಾವ ಬೆಂಡೋಲೆ, ಯಾವ ಕಥೆ ಎಂದು ಅವರು ಕೇಳಲಿಲ್ಲ. ಕಾಳು ಅರ್ಧ ಇರುವಾಗ ಎಂದೂ ಮೋಟಾರು ನಿಲ್ಲಿಸದವರು ಅಂದು ನಿಲ್ಲಿಸಿದರು.

"ಗೊತ್ತಿತ್ತು. ರಾಗಿ ಆ ಡಬ್ಬ ಹತ್ತಿ ಮಲಗ್ತಲ್ಲ, ಆವಾಗ್ಲೇ ಗೊತ್ತಾಯ್ತು."

ಆ ಡಬ್ಬವನ್ನು ಮದುವೆಗೆ ಹೊರಡುವ ಹಿಂದಿನ ಸಂಜೆ ಅತ್ತೆಯೇ ಮಿಲ್ಲಿಗೆ ಕೊಟ್ಟಿದ್ದರಂತೆ. ಮನೆಯವರೆಲ್ಲ ಬಸ್ಸು ಹತ್ತಿದ ಬೆಳಿಗ್ಗೆ ಅದು ಮಿಲ್ಲಿನಲ್ಲೇ ಇತ್ತು, ಮುಚ್ಚಳದ ಮೇಲೆ ರಾಗಿ ಮಲಗಿತ್ತು. ಸಂಜೆ ಅಕ್ಕನೇ ತಂದು ಅಡುಗೆಮನೆಯಲ್ಲಿಟ್ಟು ಹೋಗಿದ್ದರು. ನನಗೆ ಜ್ವರದಲ್ಲಿ ಎಚ್ಚರವಿರಲಿಲ್ಲ. ಮನೆಯಲ್ಲೇ ಇಲ್ಲದ ಡಬ್ಬದಲ್ಲಿ ಬೆಂಡೋಲೆ ಹುಗಿಯುವುದು ಹೇಗೆ? ಮದುವೆಮನೆಯಲ್ಲಿ ಗಂಡನ ಎದುರು ಗಾಬರಿಯಾದ ಅತ್ತೆಯ ಬಾಯಿಗೆ ಬಂದದ್ದು ಆ ಡಬ್ಬ.

"ನಿನ್ನತ್ತೆ ಕಾಲು ಹಿಡ್ಕಂಡ್ಳು ತಂಗಿ. ಓಲೆ ಮಗಳಿಗೆ ಕೊಟ್ಟಿದ್ದು ಗಂಡಂಗೆ ಗೊತ್ತಾದ್ರೆ ಅವಳ ಹಿಂದೆ ನನ್ನನ್ನೂ ಹೊರಗೆ ಹಾಕ್ತಾರೆ ಅಂತ ಅತ್ಲು. ಅವ್ರ ಸಿಟ್ಟು ಇಳಿದ ಮೇಲೆ ಹೇಳಿದ್ರಾಯ್ತು ಅಂದ್ಕಂಡೆ. ಇಳೀಲೇ ಇಲ್ಲ."

"ಮತ್ತೆ ನಾನು?"

"ನೀನು ಗಟ್ಟಿಗಿತ್ತಿ. ತಡ್ಕೋತೀಯ ಅಂದ್ಕಂಡೆ."

ನನ್ನ ಜೀವಮಾನದಲ್ಲಿ ನನಗೆ ಸಿಕ್ಕ ಹೊಗಳಿಕೆಗಳಲ್ಲಿ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಅತ್ತೆ ನನ್ನವರಲ್ಲ, ಅವರ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಇವರು ನನ್ನವರಾಗಿದ್ದರು.

"ನಿಮ್ಮ ರಾಗಿಯಷ್ಟೂ ಆಗ್ಲಿಲ್ವಲ್ಲ ಅಕ್ಕಾ ನಾನು ನಿಮ್ಗೆ" ಎಂದೆ. ಬೀಸದ ಅಕ್ಕಿಯನ್ನು ಹಾಗೇ ಹೊತ್ತುಕೊಂಡು ವಾಪಸ್ ಬಂದೆ. ಅವರು ಮಿಲ್ಲಿನ ಬಾಗಿಲವರೆಗೂ ಬಂದು ನಿಂತರು.

ಅಂದಿನಿಂದ ಬಸ್‌ಸ್ಟ್ಯಾಂಡಿನ ಹತ್ತಿರದ ಮಿಲ್ಲಿಗೆ ಹೋಗತೊಡಗಿದೆ. ಅಕ್ಕನಿಗೆ ದಮ್ಮು ಹಿಡಿದಿದೆ ಎಂದು ಕೇಳಿದೆ, ಮಲಗಿದ್ದಾರೆ ಎಂದು ಕೇಳಿದೆ, ಹೋಗಲಿಲ್ಲ. ಹೋದದ್ದು ಹೆಣ ನೋಡಲಿಕ್ಕೆ. ಸ್ನಾನ ಮಾಡಿಸಿದ್ದರು. ರೆಪ್ಪೆ ಕಪ್ಪಗಿತ್ತು. ಯಾರೋ ಬೇರೆಯವರನ್ನು ನೋಡಿದ ಹಾಗಾಗಿ, ಬೇಡ ಬೇಡವೆಂದರೂ ಅಳು ನುಗ್ಗಿ ಬಂತು. ಮಿಲ್ಲಿಗೆ ಬೀಗ ಬಿತ್ತು. ಮುದಿಯಾದ ರಾಗಿಯನ್ನು ನಾನೇ ಎತ್ತಿಕೊಂಡು ಬಂದೆ. ಅದರದ್ದೇನು ತಪ್ಪು? ಅದು ಅವತ್ತೇ ಎಲ್ಲರೆದುರು ಸತ್ಯ ಹೇಳಿತ್ತು.

ಮೊನ್ನೆ ಅತ್ತೆ ಅಡುಗೆಮನೆಯಿಂದ ಕೂಗಿದರು. "ಹಾಳಾದ ಬೆಕ್ಕು, ಕೆನೆ ಎಲ್ಲ ತಿಂದು ಹಾಕಿದೆ!" ಹೋಗಿ ನೋಡಿದೆ. ಪಾತ್ರೆ ಮುಚ್ಚಿತ್ತು. ರಾಗಿ ಕಿಟಕಿಯ ಬಿಸಿಲಲ್ಲಿ ನಿದ್ದೆ ಮಾಡುತ್ತಿತ್ತು.

"ಅತ್ತೆ, ಬೆಕ್ಕು ಕೆನೆ ತಿಂದು ವಾಪಸ್ ಮುಚ್ಚಳ ಮುಚ್ಚಿಡುತ್ತಾ?" ಎಂದೆ. ನನ್ನ ಗಂಡ ಅಲ್ಲೇ ಇದ್ದರು, ತಾಳಗುಪ್ಪದಿಂದ ಬಂದಿದ್ದ ನಾದಿನಿಯೂ ಇದ್ದಳು. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ತಲೆ ತಗ್ಗಿಸಿದರು.

ಆ ಮಾತು ನನಗೆ ಕಲಿಸಿದವರು ಮಿಲ್ಲಿನಕ್ಕ. ಅಂದು ಇದೇ ಅಡುಗೆಮನೆಯಲ್ಲಿ ನಿಂತು ಅಂಥದ್ದೊಂದು ಮಾತನ್ನು ಅವರೇ ಆಡಿದ್ದರೆ ನನಗೆ ಸಾಕಿತ್ತು.