ಸಿದ್ದಜ್ಜನ ದನಿ ಇದ್ದ ಡಿಸ್ಕು

ಗಂಗಾ, ನಿನ್ನ ಲ್ಯಾಪ್‌ಟಾಪಿನಲ್ಲಿದ್ದ ಸಿದ್ದಜ್ಜನ ದನಿ ಹೋದದ್ದು ನಿನ್ನಿಂದಲ್ಲ, ನನ್ನಿಂದ. ಐದು ವರ್ಷದಿಂದ ನೀನು ಹೊತ್ತು ತಿರುಗುತ್ತಿರುವ ತಪ್ಪು ನನ್ನದು. ಅದು ನನಗೆ ಮೊದಲ ದಿನವೇ ಗೊತ್ತಿತ್ತು.

ಇದನ್ನು ಹೇಳಲೆಂದೇ ಎಷ್ಟು ಸಲ ಅಜ್ಜಂಪುರದಿಂದ ತರೀಕೆರೆ ಬಸ್ಸು ಹತ್ತಿದೆನೋ. ನಿನ್ನ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಮಾತು ಒಳಗೇ ಸರಿದುಬಿಡುತ್ತಿತ್ತು. ನೀನು ಕಾಫಿ ತರುತ್ತಿದ್ದೆ, ನಾನು ಮಳೆ ಬೆಳೆ ಮಾತಾಡಿ ಎದ್ದು ಬರುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಣ್ಣನ ಬರಹ. ನೀನು ಟೀಚರು — ತಿದ್ದಲು ಹೋಗಬೇಡ, ಪೂರ್ತಿ ಓದು.

ಸಿದ್ದಜ್ಜ ನಮ್ಮ ಕಾವಲಿನ ಹುಲ್ಲುಗಾವಲಿನಲ್ಲಿ ಅಮೃತಮಹಲ್ ತಳಿಯ ದನ ಕಾಯುತ್ತಾ ಮುದುಕನಾದವನು. ಒಂದು ಹಸು ತೋರಿಸಿದರೆ ಅದರ ತಾಯಿ, ತಾಯಿಯ ತಾಯಿ ಎಂದು ಏಳು ತಲೆಮಾರು ಹೆಸರು ಹೇಳುತ್ತಿದ್ದ. ಒಂದೊಂದನ್ನು ಕರೆಯಲು ಒಂದೊಂದು ಕೂಗು. ಯಾವ ಪುಸ್ತಕದಲ್ಲೂ ಇಲ್ಲದ್ದು. ನೀನು ಎರಡು ವರ್ಷ ಭಾನುವಾರ ತಪ್ಪಿಸದೆ ಬಂದು ಅವನೆದುರು ಮೊಬೈಲು ಹಿಡಿದು ಕೂತೆ. ಮೊದಲ ದಿನ ಅವನು ಕೇಳಿದ್ದು ನೆನಪಿದೆಯಾ? "ಏನವ್ವಾ ಟೀಚರಮ್ಮ, ನಿನ್ನ ಡಬ್ಬಿ ಹುಲ್ಲು ತಿಂತದಾ?" ನೀನು ನಕ್ಕ ನಗುವೂ ಅದರಲ್ಲಿ ಇತ್ತು. ಮೊಬೈಲು ತುಂಬಿದಾಗಲೆಲ್ಲ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಸುರಿದು ಮೊಬೈಲಿನದನ್ನು ಅಳಿಸುತ್ತಿದ್ದೆ. ಪುಸ್ತಕ ಮಾಡಬೇಕು ಎನ್ನುತ್ತಿದ್ದೆ.

ಲ್ಯಾಪ್‌ಟಾಪು ನಿಧಾನವಾಯಿತೆಂದು ಬಸ್‌ಸ್ಟ್ಯಾಂಡಿನ ನನ್ನ ರಿಪೇರಿ ಅಂಗಡಿಗೆ ನೀನು ತಂದೆ. ಹಳೆಯ ತಿರುಗುವ ಡಿಸ್ಕು ತೆಗೆದು, ತಿರುಗುವ ಭಾಗವಿಲ್ಲದ ವೇಗದ ಎಸ್‌ಎಸ್‌ಡಿ ಹಾಕಿಕೊಡು ಎಂದೆ. ಎಂಥದ್ದು ಬೇಕೆಂದೂ ನೀನೇ ಓದಿಕೊಂಡು ಬಂದಿದ್ದೆ. "ಸೀಲ್ ಒಡೀದೆ ಇರೋದು, ವಾರಂಟಿ ಇರೋದು ಹಾಕಣ್ಣ. ಹಾಕಿದ್ಮೇಲೆ ಅದರ ಆರೋಗ್ಯ ಚೆಕ್ ಮಾಡು. ಹಳೇ ಡಿಸ್ಕ್ ಮುಟ್ಬೇಡ, ಹಂಗೇ ಎತ್ತಿಡು."

ಅಂಥದ್ದು ತರಿಸಲು ನಾಲ್ಕು ದಿನ ಬೇಕಿತ್ತು. ಪಕ್ಕದ ಅಂಗಡಿಯವರೆಲ್ಲ ನೋಡುತ್ತಿದ್ದರು — ಓದಿದ ತಂಗಿ ಅಣ್ಣನನ್ನು ಹುಡುಕಿಕೊಂಡು ಬಂದಿದ್ದಾಳೆ. "ನಾಲ್ಕು ದಿನ ಯಾಕೆ? ಸಂಜೆ ಬಸ್ಸಿಗೆ ಕೈಗೆ ಕೊಡ್ತೀನಿ ನಡಿ" ಎಂದು ನಾನು ಹೇಳಿಬಿಟ್ಟೆ. ಡ್ರಾಯರಿನಲ್ಲಿ ಹಳೆಯ ಎಸ್‌ಎಸ್‌ಡಿ ಒಂದಿತ್ತು. ಬೀರೂರಿನಲ್ಲಿ ಯಾವುದೋ ಆಫೀಸಿನ ಲ್ಯಾಪ್‌ಟಾಪು ಒಡೆದಾಗ ಬಿಚ್ಚಿ ತಂದದ್ದು, ವರ್ಷಗಟ್ಟಲೆ ದುಡಿದದ್ದು. ಅದನ್ನೇ ಹಾಕಿದೆ. ನಿನ್ನದೆಲ್ಲವನ್ನೂ ಅದಕ್ಕೆ ಇಳಿಸಿದೆ. ಆಮೇಲೆ ನೀನು ಹೇಳಿದಂತೆ ಆರೋಗ್ಯ ತೋರಿಸುವ ಕಿಟಕಿ ತೆರೆದೆ. ಹಳದಿ ಬಂತು. ಪಕ್ಕದಲ್ಲಿ ಒಂದು ಇಂಗ್ಲಿಷ್ ಪದ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ, ಅರ್ಥವಾಗಲಿಲ್ಲ. ಒಳ್ಳೆಯದಕ್ಕೆ ನೀಲಿ ಬರುತ್ತದೆಂದು ಗೊತ್ತಿತ್ತು. ಆದರೂ — ಹಳದಿಯೇನು ಕೆಟ್ಟದ್ದೇ, ಅರಿಶಿನದ ಬಣ್ಣ, ಶುಭವೇ — ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಎರಡು ಮಾರು ದೂರದಲ್ಲಿ ಕುರ್ಚಿಯ ಮೇಲೆ ಕೂತಿದ್ದೆ. ಇದೇನು ಪದ ಎಂದು ಕೇಳಿದ್ದರೆ ಸಾಕಿತ್ತು. ನಿನ್ನೆದುರು ಓದಲು ಬರದವನಾಗುವುದು ನನ್ನ ಕೈಲಾಗಲಿಲ್ಲ.

"ಚೆನ್ನಾಗೈತೇನಣ್ಣ?"

"ಗುಂಡುಕಲ್ಲು ಇದ್ದಂಗೈತೆ."

ನೀನು ಅದನ್ನು ಹೊಸದೆಂದೇ ತಿಳಿದು ಬಸ್ಸು ಹತ್ತಿದೆ. ನಾನು ಕೈಬೀಸಿದೆ.

ಹಳೆಯ ಡಿಸ್ಕನ್ನು ಎತ್ತಿಟ್ಟಿದ್ದೆ, ಅದು ನಿಜ. ನಮ್ಮ ಕಸುಬಿನಲ್ಲಿ ಒಂದು ರೂಢಿ — ಬಿಚ್ಚಿದ ಭಾಗ ಅಂಗಡಿಯವನದು, ಯಾರೂ ಕೇಳುವುದಿಲ್ಲ. ಎರಡು ತಿಂಗಳು ಕಳೆದಿರಬೇಕು. ಕಡೂರಿನ ಕೊಬ್ಬರಿ ಮಂಡಿಯೊಂದರಲ್ಲಿ ನಾನು ಹಾಕಿದ್ದ ಕ್ಯಾಮೆರಾಗಳು ರೆಕಾರ್ಡು ಮಾಡುವುದನ್ನು ನಿಲ್ಲಿಸಿದವು. ಸಾಹುಕಾರ ಫೋನಿನಲ್ಲೇ ಕಿರುಚಿದ: "ಲೇ ರುದ್ರೇಶ, ಕ್ಯಾಮೆರಾ ಹಾಕಿದ್ಯೋ ಗೋಡೆಗೆ ದೃಷ್ಟಿಬೊಂಬೆ ತಗ್ಲಾಕಿದ್ಯೋ?" ರೆಕಾರ್ಡು ಪೆಟ್ಟಿಗೆಯೊಳಗಿನ ಡಿಸ್ಕು ಕೆಟ್ಟಿತ್ತು, ಬದಲಿಗೆಂದು ಡ್ರಾಯರಿಗೆ ಕೈ ಹಾಕಿದೆ. ಸಿಕ್ಕಿದ್ದು ನಿನ್ನ ಡಿಸ್ಕು. ಮೇಲೆ ನೀನೇ ಅಂಟಿಸಿದ್ದ ಚೀಟಿ, ನಿನ್ನ ದುಂಡು ಅಕ್ಷರ — "ಗಂಗಾಳದ್ದು, ಮುಟ್ಟಬೇಡಿ." ಚೀಟಿ ಕಿತ್ತೆ. ಆ ಪೆಟ್ಟಿಗೆಗೆ ಡಿಸ್ಕು ಹಾಕಿದರೆ ಎಲ್ಲವನ್ನೂ ಅಳಿಸಲೇ ಎಂದು ಅದು ಒಂದು ಸಲ ಕೇಳುತ್ತದೆ. ಕೇಳದೆ ಅಳಿಸಿದ್ದರೆ ಇವತ್ತು ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಅದು ಕೇಳಿತು. ನಾನು ಒತ್ತಿದೆ.

ಆ ಬೇಸಿಗೆಯಲ್ಲೇ ಸಿದ್ದಜ್ಜ ತೀರಿಕೊಂಡ. ರಜೆ ಪೂರ್ತಿ ನೀನು ಲ್ಯಾಪ್‌ಟಾಪು ಮುಚ್ಚಿಟ್ಟಿದ್ದೆ. ಶಾಲೆ ಶುರುವಾದ ಮೇಲೆ ತೆರೆದರೆ ಒಳಗೆ ಡಿಸ್ಕು ಇಲ್ಲವೇ ಇಲ್ಲ ಎಂದಿತು. ಹಳೆಯ ಡಿಸ್ಕಾದರೆ ಸಾಯುವ ಮುಂಚೆ ಟಿಕ್ ಟಿಕ್ ಎಂದು ನರಳುತ್ತದೆ, ಇದು ಸದ್ದಿಲ್ಲದೆ ಹೋಗಿತ್ತು. ನೀನು ಓಡಿ ಬಂದೆ. ಮುಖ ಬಿಳಿಚಿತ್ತು, ಆದರೂ ಧೈರ್ಯವಾಗಿದ್ದೆ — ಹಳೆಯದು ಅಣ್ಣನ ಹತ್ತಿರ ಇದೆಯಲ್ಲ ಎಂದು.

"ಅದೂ ಕೆಟ್ಟೋಗಿತ್ತು ಕಣವ್ವಾ. ಬಿಸಾಕ್ದೆ."

ನೀನು ಬೈಯಲಿಲ್ಲ. ಬೈದಿದ್ದರೆ... ನಿನ್ನಷ್ಟಕ್ಕೆ ಹೇಳಿಕೊಂಡೆ: "ಎಸ್‌ಎಸ್‌ಡಿನ ತಿಂಗಳುಗಟ್ಲೆ ಕರೆಂಟಿಲ್ದೆ ಬಿಸಿಲಲ್ಲಿಟ್ರೆ ಅಳಿಸ್ಕಂಡು ಹೋಗ್ತದಂತೆ. ಶೀಟಿನ ಮನೇಲಿಟ್ಟಿದ್ದೆ. ನಂದೇ ತಪ್ಪು, ಅಲ್ವೇನಣ್ಣ?"

ನಾನು ಅಂದೆ — "ಇದ್ರೂ ಇರ್ಬೋದು."

ಇಷ್ಟೇ, ಗಂಗಾ. ಈ ಎರಡು ಪದದೊಳಗೆ ಸಿಕ್ಕಿಕೊಂಡು ಐದು ವರ್ಷವಾಯಿತು. ನೀನು ಎಲ್ಲರ ಮುಂದೂ ಹೇಳುತ್ತೀ, "ನನ್ನ ಅಜಾಗರೂಕತೆಯಿಂದ ಸಿದ್ದಜ್ಜ ಹೋದ." ನಾನು ಅಲ್ಲೇ ಕೂತು ಊಟ ಮಾಡುತ್ತಿರುತ್ತೇನೆ. ಪ್ರತಿ ತಿಂಗಳ ಮೊದಲ ಸೋಮವಾರ ಕ್ಯಾಲೆಂಡರಿಗೆ ಕೆಂಪು ಗುರುತು ಹಾಕಿ, ಬೇಕಿರಲಿ ಬೇಡದಿರಲಿ, ಲ್ಯಾಪ್‌ಟಾಪಿಗೆ ಕರೆಂಟು ಕೊಡುತ್ತೀ. ಯುಗಾದಿಗೆ ನಮ್ಮ ಮನೆಗೆ ಬಂದಾಗಲೂ ಬ್ಯಾಗು ಇಳಿಸುವ ಮುಂಚೆ ಪ್ಲಗ್ಗು ಹುಡುಕಿದೆ. ನಿನ್ನ ಅತ್ತಿಗೆ ನಕ್ಕಳು. ನಾನು ಹಿತ್ತಲಿಗೆ ಹೋದೆ. ಮಾಡದ ತಪ್ಪಿಗೆ ವ್ರತ ಹಿಡಿದವಳ ಎದುರು ನಿಲ್ಲಲು...

ಆ ಡಿಸ್ಕನ್ನು ಮಂಡಿಯಿಂದ ವಾಪಸ್ ತಂದಿದ್ದೇನೆ. ಬೇರೆಯದು ಹಾಕಿಕೊಟ್ಟೆ. ಶಿವಮೊಗ್ಗದಲ್ಲಿ ಬಲ್ಲವರೊಬ್ಬರಿಗೆ ತೋರಿಸಿದೆ. ಒಂದರ ಮೇಲೊಂದು ಎಷ್ಟು ಸಲ ಬರೆದುಬಿಟ್ಟಿದೆಯೆಂದರೆ ಹಿಂದಿನದು ಏನೂ ಉಳಿದಿಲ್ಲ ಎಂದರು. ಅದರಲ್ಲಿ ಈಗ ಇರುವುದು ಮಂಡಿಯ ಅಂಗಳ. ಕೊಬ್ಬರಿ ರಾಶಿ, ತೂಕದ ಯಂತ್ರ, ಆಗೊಮ್ಮೆ ಈಗೊಮ್ಮೆ ಹಾದುಹೋಗುವ ಒಂದು ನಾಯಿ. ದನಿಯಿಲ್ಲ. ಆ ಕ್ಯಾಮೆರಾಗಳಿಗೆ ದನಿ ಹಿಡಿಯಲು ಬರುವುದಿಲ್ಲ.

ಹೋದ ವಾರ ನೀನು ನಿನ್ನ ಶಾಲೆಯ ಲ್ಯಾಪ್‌ಟಾಪು ತಂದು ನನ್ನ ಮೇಜಿನ ಮೇಲಿಟ್ಟೆ. "ಇದಕ್ಕೂ ಎಸ್‌ಎಸ್‌ಡಿ ಹಾಕ್ಬೇಕಂತೆ. ಹೆಡ್ಮಾಸ್ಟ್ರಿಗೆ ಹೇಳ್ದೆ, ನಮ್ಮಣ್ಣನೇ ಹಾಕ್ಲಿ ಅಂತ. ಬೇರೆಯೋರ್ನ ನಂಬಕ್ಕಾಗಲ್ಲ ಕಣಣ್ಣ" ಅಂದೆ. ಏಳು ದಿನವಾಯಿತು. ಅದರ ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಶಾಲೆಯ ಲ್ಯಾಪ್‌ಟಾಪು ಬಂದ ಹಾಗೇ ಇರುತ್ತದೆ, ಬೇರೆ ಯಾರಿಗಾದರೂ ಕೊಡು. ನಿನ್ನ ಡಿಸ್ಕೂ ಬ್ಯಾಗಿನಲ್ಲಿರುತ್ತದೆ, ಕಿತ್ತ ಚೀಟಿಯನ್ನು ಮತ್ತೆ ಅಂಟಿಸಿದ್ದೇನೆ. ಈ ಕಾಗದವನ್ನು ಪೋಸ್ಟಿಗೆ ಹಾಕುವುದಿಲ್ಲ, ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ. ಈ ಸಲ ಮಳೆ ಬೆಳೆಯ ಮಾತಿಲ್ಲ. ಎದ್ದು ಹೋಗು ಎಂದು ನೀನು ಹೇಳಿದ ಮೇಲೆಯೇ ಏಳುವುದು.