ಆರು ಗಂಟೆಗೆ ಕತ್ತಲಾಗುತ್ತಿದ್ದ ಟಿವಿ

ಮೈದಾ ಹಿಟ್ಟಿನ ಅಂಟು ಕಾಯಿಸುವಾಗ ಒಂದು ವಾಸನೆ ಬರುತ್ತದೆ. ಹಸಿ ಹಿಟ್ಟಿನದೂ ಅಲ್ಲ, ಬೆಂದ ಹಿಟ್ಟಿನದೂ ಅಲ್ಲ, ನಡುವಿನದು. ದೀಪಾವಳಿಗೆ ನಿಮ್ಮ ಮನೆಯಲ್ಲೂ ಆಕಾಶಬುಟ್ಟಿಯನ್ನು ಕೈಯಾರೆ ಕಟ್ಟುತ್ತಿದ್ದರೆ ನಿಮಗದು ಗೊತ್ತು, ನಾನು ಹೇಳಬೇಕಿಲ್ಲ. ಇವತ್ತು ಮಧ್ಯಾಹ್ನ ವೆಲ್ಲಿಂಗ್ಟನ್ನಿನ ನನ್ನ ಬಾಡಿಗೆ ಮನೆಯಲ್ಲಿ ಬಣ್ಣದ ಕಾಗದ ಹರಡಿಕೊಂಡು ಅಂಟು ಕಲಕುತ್ತಿದ್ದೆ. ಹೊರಗೆ ಎಂದಿನ ಹಾಳು ಗಾಳಿ. ಅಂಟು ಗಟ್ಟಿಯಾಗಿ ಚಮಚಕ್ಕೆ ಹತ್ತುವ ಹೊತ್ತಿಗೆ ಆ ವಾಸನೆ ಎದ್ದಿತು ನೋಡಿ, ಇದೇ ಊರಿನ ಜಾನ್ಸನ್‌ವಿಲ್ ಬಡಾವಣೆಯ ನಮ್ಮ ಹಳೆಯ ಮನೆ, ನಡುಮನೆಯಲ್ಲಿ ನಿಂತ ರಟ್ಟಿನ ಡಬ್ಬಿ, ಅದರೊಳಗೆ ಬೆವರುತ್ತ ಕೂತ ಅಜ್ಜಿ, ಎಲ್ಲ ಒಟ್ಟಿಗೆ ಬಂದು ನಿಂತವು. ಒಲೆ ಆರಿಸುವುದನ್ನು ಮರೆತೆ. ಅಂಟು ತಳ ಹತ್ತಿತು.

ಆ ಮನೆ ಗುಡ್ಡದ ಇಳಿಜಾರಿನಲ್ಲಿತ್ತು. ಕೆಳಗಿನ ರೈಲು ಹೊರಟರೆ ಅಡುಗೆಮನೆಯ ಲೋಟಗಳಿಗೆ ಮೊದಲು ಗೊತ್ತಾಗುತ್ತಿತ್ತು. ಪಕ್ಕದ ಮನೆಯಲ್ಲಿ ಜೋನ್ ಆಂಟಿ ಒಬ್ಬರೇ ಇದ್ದರು. ಎರಡೂ ಮನೆಗಳ ನಡುವಿನ ಬೇಲಿಯಲ್ಲಿ ಗಾಳಿಗೆ ಎರಡು ಹಲಗೆ ಹಾರಿಹೋಗಿದ್ದವು. ಯಾರೂ ಮತ್ತೆ ಹೊಡೆಸಲಿಲ್ಲ. ಆ ಕಿಂಡಿಯಿಂದ ಆ ಕಡೆಯ ನಿಂಬೆಹಣ್ಣು ಈ ಕಡೆಗೆ, ಈ ಕಡೆಯ, ರೊಟ್ಟಿಗೆ ನೆಂಚುವ ಶೇಂಗಾ ಹಿಂಡಿ ಆ ಕಡೆಗೆ ಹೋಗುತ್ತಿತ್ತು. ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಧಾರವಾಡ ಬಿಟ್ಟು ನಮ್ಮ ಜೊತೆ ಇರಲು ಬಂದವಳು. ಅವಳಿಗೆ ಇಂಗ್ಲಿಷ್ ಬಾರದು, ಆಂಟಿಗೆ ಕನ್ನಡ ಬಾರದು. ದನಿ ಏರಿಸಿದರೆ ಅರ್ಥವಾದೀತು ಎಂಬ ನಂಬಿಕೆ ಮಾತ್ರ ಇಬ್ಬರಿಗೂ ಒಂದೇ. ಒಂಬತ್ತು ವರ್ಷದ ನಾನು ಅವರ ದುಭಾಷಿ, ಅದೂ ಅರ್ಧ ದುಭಾಷಿ. ಅಜ್ಜಿಯ ಮಾತೆಲ್ಲ ತಿಳಿಯುತ್ತಿತ್ತು, ಬಾಯಿ ತೆರೆದರೆ ಇಂಗ್ಲಿಷೇ ಬರುತ್ತಿತ್ತು. ಹಟಮಾರಿಯಾಗಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಜೋನ್ ಆಂಟಿಯ ಕಣ್ಣು ಹೋಗುತ್ತಿತ್ತು. ನೋಟದ ನಡುಭಾಗವೆಲ್ಲ ಮಸುಕು, ಅಂಚಿನಲ್ಲಷ್ಟೇ ಒಂದಿಷ್ಟು ಕಾಣುತ್ತಿತ್ತು. ಹಾಗಾಗಿ ನಮ್ಮನ್ನು ನೋಡಬೇಕಾದಾಗ ಕೋಳಿಯಂತೆ ಮುಖ ಅಡ್ಡ ತಿರುಗಿಸುತ್ತಿದ್ದರು. ಸಮುದ್ರದಾಚೆಯ ದ್ವೀಪದಲ್ಲಿ, ಹಾರ್ನ್‌ಬಿಯಲ್ಲಿದ್ದ ಮಗಳು ಕ್ರಿಸ್‌ಮಸ್ಸಿಗೆ ಮೊದಲು ಅವರನ್ನು ತನ್ನಲ್ಲಿಗೇ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಹೊರಡುವ ವಾರ ತಮ್ಮ ಟಿವಿಯನ್ನು ಯಾರಿಗೋ ಕೊಟ್ಟುಬಿಟ್ಟು, ಬೇಲಿಯ ಬಳಿ ನಿಂತು ಬಾಲ್ಯದ ಸಂಗತಿ ಹೇಳಿದರು. ಅವರು ಹುಟ್ಟಿದ್ದು ಬ್ರಿಟನ್ನಿನಲ್ಲಿ. ಇಡೀ ಬೀದಿಗೆ ಒಂದೇ ಟಿವಿ, ಅದೂ ಎದುರುಮನೆಯಲ್ಲಿ. ಮಧ್ಯಾಹ್ನ ಹೆಂಗಸರಿಗೆ ಒಂದಿಷ್ಟು, ಐದಕ್ಕೆ ಮಕ್ಕಳ ಕಾರ್ಯಕ್ರಮ. ಒಂದು ಮುಗಿದು ಇನ್ನೊಂದು ಶುರುವಾಗುವ ತನಕ ಪರದೆಯ ಮೇಲೆ ಬರೀ ಕುಂಬಾರನ ಕೈ, ತಿರುಗುವ ತಿಗರಿ. ಆರಕ್ಕೆ ಪರದೆ ಕತ್ತಲು. ಮಕ್ಕಳನ್ನು ಮಲಗಿಸಲು ತಾಯಂದಿರಿಗೆ ಪುರುಸೊತ್ತು ಸಿಗಲೆಂದು ಒಂದು ತಾಸು ಬೇಕೆಂದೇ ಏನೂ ತೋರಿಸುತ್ತಿರಲಿಲ್ಲವಂತೆ. ಏಳರ ನಂತರದ್ದು ದೊಡ್ಡವರಿಗೆ. ಪರದೆ ಕತ್ತಲಾದ ಕೂಡಲೆ ಎದುರುಮನೆಯಾಕೆ ಬಾಗಿಲು ತೆರೆದು, "ಎಲ್ಲರೂ ಮನೆಗೆ ನಡೆಯಿರಿ" ಅನ್ನುತ್ತಿದ್ದಳು. ಆ ಸಂಜೆಯ ಟಿವಿಯನ್ನು ನೋಡುವಷ್ಟು ದೊಡ್ಡವರಾಗುವ ಮೊದಲೇ ಆಂಟಿಯನ್ನು ಅವರ ಅಪ್ಪ ಅಮ್ಮ ಹಡಗು ಹತ್ತಿಸಿ ಇಲ್ಲಿಗೆ ಕರೆತಂದರು. ಇಲ್ಲಿ ಆಗ ಟಿವಿಯೇ ಬಂದಿರಲಿಲ್ಲ.

"ಅಲ್ಲಿ ಏಳರ ಮೇಲೆ ಏನು ತೋರಿಸುತ್ತಿದ್ದರೋ ನೋಡಲೇ ಇಲ್ಲ. ಇನ್ನು ನೋಡೇನೆಂದರೆ ಕಣ್ಣಿಲ್ಲ," ಅಂದರು. ನಗುತ್ತಲೇ ಅಂದರು, ಆದರೆ ಕೈ ಬೇಲಿಯನ್ನು ಬಿಡಲಿಲ್ಲ.

ಅಮ್ಮ ಇದನ್ನು ಅಜ್ಜಿಗೆ ತಿಳಿಸಿದಳು. ಅಜ್ಜಿ ಮೊದಲು ಮೆಚ್ಚಿದ್ದು ಬ್ರಿಟಿಷರನ್ನು. "ಆರಕ್ಕ ಬಂದ್ ಮಾಡತಿದ್ರೇನು? ಶಾಣ್ಯಾ ಮಂದಿ ಬಿಡು. ದೀಪಾ ಹಚ್ಚೋ ಹೊತ್ತದು." ಆಮೇಲೆ ಅಪ್ಪನ ಕಡೆ ತಿರುಗಿ, "ಏಳರ ಮ್ಯಾಲಿಂದು ನಾವ ತೋರಸೂಣು. ಪಾಪ, ಅಕಿ ಅರ್ಧಾ ನೋಡಿ ಹೋಗಬಾರ್ದು," ಅಂದಳು. ಹೊಸ ಫ್ರಿಜ್ ಬಂದ ಆಳೆತ್ತರದ ರಟ್ಟಿನ ಡಬ್ಬಿ ಗ್ಯಾರೇಜಿನಲ್ಲಿತ್ತು. ಅಪ್ಪ ಅದಕ್ಕೆ ಕಿಟಕಿ ಕೊಯ್ದ, ಅಜ್ಜಿ ಅಂಟು ಕಾಯಿಸಿದಳು, ನಾನು ಬಿಸ್ಕತ್ತಿನ ಡಬ್ಬಿಯ ಮುಚ್ಚಳಗಳನ್ನು ಗುಂಡಿಗಳೆಂದು ಅಂಟಿಸಿದೆ. ಐಟಿ ಕೆಲಸದ ಅಪ್ಪ ಕಾರ್ಯಕ್ರಮ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಗೆರೆ ಹೊಡೆದು ಮಾಡಿದ. ಸಂಜೆಯ ಭಾಗಕ್ಕೆ ಏನು ಬರೆಯಲಿ ಎಂದು ಆಂಟಿಯನ್ನೇ ಕೇಳಿದ್ದಕ್ಕೆ, "ನಾನು ಹೇಗೆ ಹೇಳಲಿ? ನೋಡೇ ಇಲ್ಲವಲ್ಲ," ಎಂದು ಗದರಿದರು.

ಡಿಸೆಂಬರಿನ, ಅಂದರೆ ಇಲ್ಲಿನ ಬೇಸಿಗೆಯ, ಆ ಭಾನುವಾರ ಮೂರಕ್ಕೆ ಸರಿಯಾಗಿ ಶುರು. ಹೆಂಗಸರ ಕಾರ್ಯಕ್ರಮದಲ್ಲಿ ಅಮ್ಮ ಗಾಳಿಗೆ ಹಾರದಂತೆ ಬಟ್ಟೆ ಒಣಹಾಕುವುದನ್ನು ಕಲಿಸಿದಳು. ಐದಕ್ಕೆ ನಾನು ಎರಡು ಕಾಲುಚೀಲಗಳನ್ನು ಕೈಗೆ ಹಾಕಿಕೊಂಡು ಜಗಳವಾಡಿಸಿದೆ. ನಡುನಡುವೆ ಕುಂಬಾರನ ತಿಗರಿಯ ಬದಲು ಅಜ್ಜಿಯ ಜೋಳದ ರೊಟ್ಟಿ. ಡಬ್ಬಿಯೊಳಗೆ ಮಣೆ ಇಟ್ಟುಕೊಂಡು, ಸೆರಗು ಸಿಕ್ಕಿಸಿ, ಪಟಪಟ ಬಡಿದಳು. ಜೋನ್ ಆಂಟಿ ಮುಖ ಅಡ್ಡ ಮಾಡಿ, ಕಣ್ಣಂಚಿನಲ್ಲಿ ಆ ಕೈಗಳನ್ನು ಹಿಡಿದಿಟ್ಟುಕೊಂಡಂತೆ ನೋಡಿದರು. ಅಮ್ಮ ಬೇಯಿಸಿ ತಂದ ಬಿಸಿ ರೊಟ್ಟಿ ಬೆಣ್ಣೆಯೊಂದಿಗೆ ಟಿವಿಯ ಕಿಟಕಿಯಿಂದಲೇ ಹೊರಬಂದಾಗ ಚಪ್ಪಾಳೆ ಹೊಡೆದು ಇನ್ನೊಂದು ಬೇಕೆಂದರು. ಕೊನೆಗೆ ಅಪ್ಪನ ಪಟ್ಟಿ ಹದಿನೈದು ನಿಮಿಷ ಹಿಂದೆ ಬಿತ್ತು.

ಆರು ಹೊಡೆಯಿತು. ಅಪ್ಪ ಕಿಟಕಿಗೆ ಕಪ್ಪು ಬಟ್ಟೆ ಇಳಿಬಿಟ್ಟ. ಹೊರಗೆ ಬೇಸಿಗೆಯ ಸೂರ್ಯ ಇನ್ನೂ ಮೇಲೆಯೇ ಇದ್ದ, ಮುಳುಗಲು ಮೂರು ತಾಸು ಬಾಕಿ. ಆದರೆ ಅಜ್ಜಿಗೆ ಇಲ್ಲಿನ ಸೂರ್ಯನ ಮೇಲೆ ನಂಬಿಕೆಯಿರಲಿಲ್ಲ. ಧಾರವಾಡದಲ್ಲಿ ಹಚ್ಚುತ್ತಿದ್ದ ಗಳಿಗೆಗೇ, ಗಡಿಯಾರ ನೋಡಿ, ಆ ಝಗಝಗ ಬಿಸಿಲಿನಲ್ಲೇ ದೇವರ ಮುಂದೆ ದೀಪ ಹಚ್ಚಿದಳು. ಆಗಲೇ ಜೋನ್ ಆಂಟಿ ಎದ್ದರು. ಹೋಗಿ ಎಂದು ಯಾರೂ ಅಂದಿರಲಿಲ್ಲ. ಕೋಲು ತೆಗೆದುಕೊಂಡು, ಚೀಲ ತೋಳಿಗೆ ಹಾಕಿಕೊಂಡು, ಗೋಡೆ ಸವರುತ್ತ ಬಾಗಿಲಿಗೆ ನಡೆದರು. ಐವತ್ತು ವರ್ಷದ ಹಿಂದೆ ಕಾಲು ಕಲಿತದ್ದನ್ನು ಕಾಲೇ ಮಾಡುತ್ತಿತ್ತು. ಅಪ್ಪ ಅಮ್ಮ ಇಬ್ಬರೂ ಬೆಪ್ಪಾಗಿ ನಿಂತರು.

ಅಜ್ಜಿ ಬೆಂಕಿಪೆಟ್ಟಿಗೆ ಹಿಡಿದುಕೊಂಡೇ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಳು. "ಏ ಜೋನ್, ಎಲ್ಲಿಗೆ ಹೊಂಟಿ? ದೀಪಾ ಹಚ್ಚೋ ಹೊತ್ತಿನ್ಯಾಗ ಮನಿಗೆ ಬಂದಾಕಿ ಎದ್ದು ಹೋಗಬಾರ್ದು. ಲಕ್ಷ್ಮಿ ಒಳಗ ಬರೋ ಹೊತ್ತು. ಕೂಡು." ನನ್ನ ಕಡೆ ನೋಡಿ, "ನಿಂತೀಯಲ್ಲ, ಹೇಳ ಅಕೀಗೆ," ಅಂದಳು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: ಆಂಟಿ, ನಮ್ಮ ಮನೆಯಲ್ಲಿ ಈ ಹೊತ್ತಿಗೆ ಯಾರೂ ಹೋಗುವ ಹಾಗಿಲ್ಲ.

"ಹೋಗುವ ಹಾಗಿಲ್ಲವೇ?"

"ಇಲ್ಲ ಆಂಟಿ. ಕೂತಿರಲೇಬೇಕು."

ಅವರು ಬಾಗಿಲಲ್ಲೇ ನಿಂತು ಅತ್ತರು. ಆಮೇಲೆ ಚೀಲವನ್ನು ನನ್ನ ಕೈಗೆ ಕೊಟ್ಟು, ಸೋಫಾಕ್ಕೆ ಹಿಂತಿರುಗಿ ಪಟ್ಟಾಗಿ ಕೂತರು. ನಾನು ಅಜ್ಜಿಯ ಸೆರಗು ಜಗ್ಗಿ, "ಅಜ್ಜಿ, ಅಕಿ ಕೂಡತಾಳಂತ," ಅಂದೆ. ಆ ಮನೆಯಲ್ಲಿ ಯಾರೂ ಹೇಳಿಕೊಡದೆ ನಾನಾಡಿದ ಮೊದಲ ಕನ್ನಡ ಮಾತು ಅದು. ಅಜ್ಜಿ ಬೆರಗಾಗಲಿಲ್ಲ, ಹೊಗಳಲೂ ಇಲ್ಲ. "ಕೂಡದ ಏನ ಮಾಡ್ಯಾಳು," ಅಂದು ಒಳಗೆ ಹೋದಳು.

ಏಳಕ್ಕೆ ಬಟ್ಟೆ ಮೇಲೆದ್ದಿತು. ನಾನು ಅಪ್ಪನ ಟೈ ಕಟ್ಟಿಕೊಂಡು ವಾರ್ತೆ ಓದಿದೆ, ಎರಡೂ ಭಾಷೆಯಲ್ಲಿ. ಜೋನ್ ಆಂಟಿ ಹಾರ್ನ್‌ಬಿಗೆ ಹೋಗುವುದನ್ನು ಈ ಮನೆ ಒಪ್ಪಿಲ್ಲ ಎಂಬುದು ಮುಖ್ಯಾಂಶ. ಅಪ್ಪ ಅಮ್ಮ ನಾಟಕ ಆಡಿದರು, ಗಂಡ ಹೆಂಡಿರ ಜಗಳ. ಅದಕ್ಕೆ ಅಭ್ಯಾಸ ಬೇಕಿರಲಿಲ್ಲ. ಕೊನೆಗೆ ಅಜ್ಜಿ ಡಬ್ಬಿಯಲ್ಲಿ ನಿಂತು ಮಂಗಳಾರತಿ ಹಾಡಿದಳು. ಜೋನ್ ಆಂಟಿ ಎದ್ದು ನಿಂತು, ಅದರ ಮೇಲೆಯೇ ತಮ್ಮ ಹಳೆಯ ನಾಡಿನ ರಾಷ್ಟ್ರಗೀತೆಯನ್ನು ಹಾಡಿದರು. ಎರಡೂ ರಾಗ ಒಂದಕ್ಕೊಂದು ಹೊಂದಲೇ ಇಲ್ಲ, ಇಬ್ಬರೂ ಬಿಡಲಿಲ್ಲ.

"ಮುಗಿಯಿತೇ? ಪೂರ್ತಿ?" ಎಂದು ಆಂಟಿ ಕೇಳಿದರು.

"ಪೂರ್ತಿ," ಅಂದ ಅಪ್ಪ.

ಕೋಲನ್ನು ತಲೆಯ ಮೇಲೆ ಎತ್ತಿ ಹಿಡಿದು, ಪಂದ್ಯ ಗೆದ್ದವರ ಹಾಗೆ, ನಡುಮನೆಯಲ್ಲಿ ಒಂದು ಸುತ್ತು ಹಾಕಿದರು. ನಾನು ಹಿಂದೆ ಹಿಂದೆ, ನನ್ನ ಹಿಂದೆ ಅಜ್ಜಿ. ಹೊರಗೆ ಇನ್ನೂ ಬಿಸಿಲಿತ್ತು. ಅಷ್ಟು ದೊಡ್ಡ ಗೆಲುವನ್ನು ಆಮೇಲೆ ನಾನು ಎಲ್ಲೂ ಕಂಡಿಲ್ಲ.

ಮಂಗಳವಾರ ಮಗಳು ಬಂದು ಕರೆದೊಯ್ದಳು. ಹಾರ್ನ್‌ಬಿಯಿಂದ ಫೋನ್ ಮಾಡಿದಾಗೆಲ್ಲ ಜೋನ್ ಆಂಟಿ ಒಂದೇ ಮಾತು ಕೊಚ್ಚಿಕೊಳ್ಳುತ್ತಿದ್ದರು: ಆ ಬೀದಿಯ ಮಕ್ಕಳಲ್ಲೆಲ್ಲ ಕೊನೆಯ ತನಕ ಕೂತು ನೋಡಿದವಳು ತಾನೊಬ್ಬಳೇ. ಈಗ ಅವರಿಲ್ಲ, ಅಜ್ಜಿಯೂ ಇಲ್ಲ. ಎರಡೂ ಮನೆ ಕೆಡವಿ ಸಾಲು ಮನೆಗಳನ್ನು ಕಟ್ಟಿದ್ದಾರೆ. ಬೇಲಿ ಎಲ್ಲಿತ್ತೆಂದು ನನಗೂ ಗುರುತು ಸಿಗುವುದಿಲ್ಲ. ಅಂಟನ್ನು ಮತ್ತೆ ಕಾಯಿಸಿ ಆಕಾಶಬುಟ್ಟಿ ಮುಗಿಸಿದ್ದೇನೆ. ಹೊರಗೆ ಬೆಳಕು ಹರವಿಕೊಂಡೇ ಇದೆ, ಆದರೆ ಗಡಿಯಾರದಲ್ಲಿ ಆರಾಯಿತು, ದೀಪ ಹಚ್ಚುತ್ತಿದ್ದೇನೆ. ನೀವೂ ಈಗಲೇ ಏಳಬೇಡಿ, ಸ್ವಲ್ಪ ಕೂತಿರಿ.